ಬ್ರೇಕಿನ ಗಾಳಿ, ಅತ್ತಿಯ ಚಾಲು

ಬ್ರೇಕ್ ಆಯಿಲ್ಲಿನ ಡಬ್ಬಿಯ ಮುಚ್ಚಳ ತಿರುವಿದಾಗ ಬರುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿರಲೇಬೇಕೆಂದೇನೂ ಇಲ್ಲ ಬಿಡಿ. ನೀವು ಕಾರನ್ನು ಗ್ಯಾರೇಜಿಗೆ ಕೊಟ್ಟು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು, ಆದ ಮೇಲೆ ತಿರುಗಿ ತರುವವರಾಗಿರಬಹುದು. ಅದು ಪೆಟ್ರೋಲಿನ ಹಾಗೆ ಮೂಗಿಗೆ ಹೊಡೆಯುವುದಿಲ್ಲ, ಇಂಜಿನ್ ಆಯಿಲ್ಲಿನ ಹಾಗೆ ದಪ್ಪಗೂ ಇರುವುದಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಮೀನು, ಸ್ವಲ್ಪ ಹಳೆಯ ದವಾಖಾನೆ. ಇವತ್ತು ಮುಂಜಾನೆ ಸೇಡಂನ ನಮ್ಮ ಮನೆಯ ಅಂಗಳದಲ್ಲಿ ಕಾರಿನ ಹಿಂದಿನ ಗಾಲಿ ಬಿಚ್ಚಿ ಫರಸಿ ಕಲ್ಲಿನ ಮೇಲೆ ಮಲಗಿಸಿ, ಹೊಸ ಡಬ್ಬಿಯ ಮುಚ್ಚಳ ತೆಗೆದೆ. ವಾಸನೆ ಬಂತು. ಅದರ ಬೆನ್ನ ಹಿಂದೆಯೇ, ಕರೀ ಕನ್ನಡಕ ಹಾಕಿಕೊಂಡು, ತಲೆಯ ಮೇಲೆ ಸೆರಗೆಳೆದುಕೊಂಡು, ನಮ್ಮ ಅತ್ತಿ ಬಂದು ಸ್ಟೇರಿಂಗಿನ ಮುಂದೆ ಕುಳಿತಳು.

ಅತ್ತಿ ಎಂದರೆ ನನ್ನ ಹೆಂಡತಿ ಅಂಜಮ್ಮನ ತಾಯಿ, ಬಾಲಮ್ಮ. ಪುಸ್ತಕದಲ್ಲಿ ‘ಅತ್ತೆ’ ಎಂದು ಬರೆಯುತ್ತಾರೆಂದು ನನಗೂ ಗೊತ್ತು. ಹಾಗೆ ಬರೆದರೆ ಅದು ಬೇರೆ ಯಾರದೋ ಮನೆಯ ಹೆಂಗಸಾಗಿಬಿಡುತ್ತದೆ. ಬದುಕಿದ್ದಾಗ ಆಕೆಯ ಮಾತು ಬಂದರೆ ನಾನು ಬಹುವಚನದಲ್ಲೇ ಆಡುತ್ತಿದ್ದೆ. ಹೋದ ಮೇಲೆ ಆಕೆ ಹತ್ತಿರ ಬಂದಿದ್ದಾಳೆ, ಏಕವಚನ ತಾನಾಗಿ ಬರುತ್ತದೆ. ನೀವು ತಪ್ಪು ತಿಳಿಯಬಾರದು.

ಮೊದಲು ಈ ಕಾರಿನ ಮಾತು ಹೇಳುತ್ತೇನೆ. ಸಣ್ಣ ಕಾರು. ನಮ್ಮ ಓಣಿಯವರು ಡಬ್ಬಿ ಎನ್ನುತ್ತಾರೆ, ಅನ್ನಲಿ. ನಾನು ಕೊಂಡಾಗಲೇ ಅದು ಇನ್ನೊಬ್ಬರ ಮನೆಯಲ್ಲಿ ಬಾಳಿ ಬಂದದ್ದು. ಅಂದಿನಿಂದ ಇಂದಿನವರೆಗೆ ಅದರ ಬ್ರೇಕಿಗೆ ಬೇರೆಯವರ ಕೈ ತಾಗಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಏಳನೆಯ ಇಯತ್ತೆಯ ನಡುವೆ ಸಾಲಿ ಬಿಟ್ಟವನು ನಾನು. ಬಿಟ್ಟ ಮೇಲೆ ಶಹಾಬಾದಿನ ಫರಸಿ ಪಾಲಿಶ್ ಮಿಲ್ಲಿಗೆ ಹೋದೆ. ಅಲ್ಲಿ ಕಲ್ಲು ಉಜ್ಜುವ ದೊಡ್ಡ ಗಾಲಿಗಳಿದ್ದವು. ಬಟನ್ ಒತ್ತಿದರೆ ಒಂದೇ ಉಸಿರಿಗೆ ತಿರುಗಲು ಶುರು. ಆದರೆ ಕರೆಂಟು ತೆಗೆದ ಮೇಲೂ ಅವು ನಿಲ್ಲುತ್ತಿರಲಿಲ್ಲ. ತಮ್ಮ ಪಾಡಿಗೆ ತಾವು, ನಿದ್ದೆಗಣ್ಣಿನವರ ಹಾಗೆ, ಉಸ್ಸೆನ್ನುತ್ತ ತಿರುಗುತ್ತಲೇ ಇರುತ್ತಿದ್ದವು. ಕಲ್ಲಿನ ಹಾಲು ಬೆರೆತ ನೀರು ನೆಲದ ಮೇಲೆ ಹರಿಯುತ್ತಿತ್ತು. ಊಟದ ಡಬ್ಬಿ ಬಿಚ್ಚಿಕೊಂಡು ನಾನು ಆ ಗಾಲಿಗಳು ನಿಲ್ಲುವುದನ್ನೇ ನೋಡುತ್ತ ಕೂಡುತ್ತಿದ್ದೆ. ತಿರುಗಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡ ಕೆಲಸವೆಂಬುದು ಆಗಲೇ ನನ್ನ ತಲೆಯಲ್ಲಿ ಕುಳಿತಿರಬೇಕು. ಕಾರು ಬಂದಾಗ ಇಂಜಿನ್ನಿನ ಕೆಲಸವನ್ನು ಬೇರೆಯವರಿಗೆ ಬಿಟ್ಟೆ. ಬ್ರೇಕನ್ನು ಮಾತ್ರ ಬಿಡಲಿಲ್ಲ.

ಹಿಂದಿನ ಗಾಲಿಯ ಡ್ರಮ್ ಬಿಚ್ಚಿದಾಗ ಒಳಗೆ ಏನಿರುತ್ತದೆ ಹೇಳಿ ನೋಡೋಣ? ನಮ್ಮ ಸೀಮೆ ಇರುತ್ತದೆ. ವಾಡಿಯ ಕಡೆ ಹೋಗಿ ಬಂದಿದ್ದರೆ ಬಿಳಿ ಧೂಳು, ಸಿಮೆಂಟಿನದು. ಆಡಕಿಯ ಹೊಲದ ದಾರಿಯಲ್ಲಿ ಹೋಗಿದ್ದರೆ ಕರೀ ಮಣ್ಣು. ಕುಂಚಾವರಂ ಅಡವಿಗೆ ಹೋಗಿದ್ದರೆ ಕೆಂಪು. ನಾನು ಅದನ್ನು ಊದುವುದಿಲ್ಲ, ಎದೆಗೆ ಒಳ್ಳೆಯದಲ್ಲ. ಒದ್ದೆ ಅರಿವೆಯಿಂದ ಒರೆಸುತ್ತೇನೆ. ಒರೆಸುವಾಗ ಎಲ್ಲೆಲ್ಲಿ ಹೋಗಿ ಬಂದೆವು ಎಂದು ಗೊತ್ತಾಗುತ್ತ ಹೋಗುತ್ತದೆ. ಅವತ್ತು, ನಾನು ಹೇಳಹೊರಟಿರುವ ಆ ದಿವಸ, ಒಳಗೆ ಕೆಂಪು ಧೂಳಿತ್ತು. ಹಳೆಯ ಕೆಂಪು. ಅಂದರೆ ಅತ್ತಿಯ ಊರಿಗೆ ಹೋಗಿ ಬಹಳ ದಿನವಾಗಿತ್ತು.

ಅತ್ತಿಯದು ಕುಂಚಾವರಂ ಅಡವಿಯಂಚಿನ ಸಣ್ಣ ತಾಂಡಾದಂಥ ಊರು. ಮನೆಯ ಹಿಂದೆ ಸೀತಾಫಲದ ಗಿಡಗಳು. ಅಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡುವಂತಿಲ್ಲ. ಅಳಿಯನೂ ಅತ್ತೆಯನ್ನು ನೇರವಾಗಿ ಕರೆಯುವಂತಿಲ್ಲ. ಹಾಗೆಂದು ಮಾತು ನಿಲ್ಲುತ್ತದೆಯೇ? ನಡುವೆ ಅಂಜಮ್ಮನಿದ್ದರೆ ಅವಳ ಮೂಲಕ. ಅವಳಿಲ್ಲದಿದ್ದರೆ ಗೋಡೆಯ ಮೂಲಕ.

“ರೊಟ್ಟಿ ಆರಾಕತ್ತ್ಯಾವ ಅಂತ ಹೇಳ ಗ್ವಾಡೀ,” ಎಂದು ಅತ್ತಿ ಅಡುಗೆಮನೆಯಿಂದ ಹೇಳುತ್ತಿದ್ದಳು.

“ಕೈಕಾಲು ತೊಳಕೊಂಡು ಬರ್ತಾರಂತ ಹೇಳ ಗ್ವಾಡೀ,” ಎಂದು ನಾನು ಪಡಸಾಲೆಯಿಂದ ಹೇಳುತ್ತಿದ್ದೆ.

ಗೋಡೆ ಪಾಪ, ನಡುವೆ ನಿಂತು ಎರಡೂ ಕಡೆ ಕೇಳಿಸಿಕೊಳ್ಳುತ್ತಿತ್ತು. ಆ ಗೋಡೆಯಷ್ಟು ಗುಟ್ಟು ಕಾಪಾಡಿದವರನ್ನು ನಾನು ಕಂಡಿಲ್ಲ. ನಮ್ಮ ಮದುವೆಯಾಗಿ ಎಷ್ಟೋ ವರ್ಷವಾದರೂ ಅತ್ತಿಯ ಬಾಯಿಂದ ನನ್ನ ಕಡೆಗೆ ನೇರವಾಗಿ ಒಂದು ಶಬ್ದ ಬಂದಿರಲಿಲ್ಲ.

ಅದಕ್ಕೆ ನನಗೆ ಬೇಜಾರಿರಲಿಲ್ಲ, ಪದ್ಧತಿ ಪದ್ಧತಿಯೇ. ಬೇಜಾರಿದ್ದದ್ದು ಇಳುಕಲಿನ ವಿಷಯಕ್ಕೆ.

ಅವರ ಊರಿಗೆ ಹೋಗುವಾಗ ಅಡವಿಯ ನಡುವೆ ರಸ್ತೆ ಒಮ್ಮೆಲೇ ಕೆಳಗಿಳಿಯುತ್ತದೆ. ತಿರುವಿನ ಮೇಲೆ ತಿರುವು. ಇಳುಕಲಿನ ತಲೆಯಲ್ಲಿ ಒಂದು ಮುತ್ತಲ ಗಿಡವಿದೆ. ಬಹಳ ಹಿಂದೆ ನನ್ನ ಮಾವ, ಅಂದರೆ ಬಾಲಮ್ಮನ ಗಂಡ, ಸೀತಾಫಲದ ಖಾಲಿ ಬುಟ್ಟಿ ಹೇರಿದ ಜೀಪಿನಲ್ಲಿ ಕುಳಿತು ಆ ಇಳುಕಲಿಳಿಯುವಾಗ ಬ್ರೇಕ್ ಹಿಡಿಯಲಿಲ್ಲವಂತೆ. ಜೀಪು ಮಣ್ಣಿನ ದಿಬ್ಬಕ್ಕೆ ಹೋಗಿ ಬಡಿಯಿತು. ಯಾರೂ ಸಾಯಲಿಲ್ಲ. ಮಾವನ ಕಾಲು ಮಾತ್ರ ಸೊಟ್ಟಗಾಗಿ, ಬದುಕಿರುವವರೆಗೂ ಸೊಟ್ಟಗೇ ಇತ್ತು. ಅಂದಿನಿಂದ ಅತ್ತಿ ಯಾವ ವಾಹನದಲ್ಲೂ ಆ ಇಳುಕಲನ್ನು ಇಳಿಯಲಿಲ್ಲ. ಏರುವುದಕ್ಕೆ ತಕರಾರಿಲ್ಲ. ಇಳಿಯುವಾಗ ಮಾತ್ರ ಮುತ್ತಲ ಗಿಡದ ಹತ್ತಿರ ಬಸ್ಸು ನಿಲ್ಲಬೇಕು, ಆಕೆ ಇಳಿಯಬೇಕು, ಸೆರಗು ಬಿಗಿದು ನಡೆದೇ ಹೋಗಬೇಕು. ಕಂಡಕ್ಟರರಿಗೆಲ್ಲ ಅದು ರೂಢಿಯಾಗಿತ್ತು. “ಇಳಿಯಮ್ಮಾ, ನಿನ್ನ ಸ್ಟಾಪ್ ಬಂತು” ಎನ್ನುತ್ತಿದ್ದರು. ಅಲ್ಲಿ ಸ್ಟಾಪೂ ಇಲ್ಲ, ಮನೆಯೂ ಇಲ್ಲ. ಒಂದು ಗಿಡ, ಅದರ ಕೆಳಗೆ ಇಳಿದು ಹೋಗುವ ಒಬ್ಬ ಹೆಂಗಸು. ಎಲೆಗಳ ನಡುವೆ ಆಕೆಯ ಸೀರೆಯ ಬಣ್ಣ ಕಂಡು, ಮರೆಯಾಗಿ, ಮತ್ತೆ ಕೆಳಗಿನ ತಿರುವಿನಲ್ಲಿ ಕಾಣುತ್ತಿತ್ತು.

ನಾನು ಕಾರು ಕೊಂಡ ಹೊಸದರಲ್ಲಿ ಆಕೆಯನ್ನು ಮೊದಲ ಸಲ ಊರಿಗೆ ಬಿಡಲು ಹೋದೆ. ಬ್ರೇಕ್ ನನ್ನ ಕೈಯದು, ಇದರಲ್ಲಾದರೂ ಇಳಿಯುತ್ತಾಳೆ ಎಂದುಕೊಂಡಿದ್ದೆ. ಮುತ್ತಲ ಗಿಡ ಕಂಡಿತೋ ಇಲ್ಲವೋ, ಹಿಂದಿನ ಸೀಟಿನಿಂದ ಮಗಳಿಗೆ ಹೇಳಿದಳು, “ಬಂಡಿ ಆಪಮನು ಬಿಡ್ಡಾ, ನೇನು ದಿಗುತಾ.” ಗಾಡಿ ನಿಲ್ಲಿಸಲು ಹೇಳು ಮಗಳೇ, ನಾನು ಇಳಿಯುತ್ತೇನೆ ಎಂದು. ಅಂಜಮ್ಮ ನನ್ನ ಮುಖ ನೋಡಿದಳು. ನಿಲ್ಲಿಸಿದೆ. ಆಕೆ ಇಳಿದು ನಡೆದಳು. ವಯಸ್ಸಾದವಳನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದೆ, ನಾನು ಮೊದಲ ಗೇರಿನಲ್ಲಿ, ಆಕೆಯ ಬೆನ್ನಿಗೆ, ಒಡತಿಯ ಹಿಂದೆ ಹೋಗುವ ಎಮ್ಮೆಯ ಹಾಗೆ, ಕಾರು ಬಿಟ್ಟುಕೊಂಡು ಹೋದೆ. ಎದುರಿಗೆ ಸೌದೆ ಹೊತ್ತು ಬಂದ ಹೆಂಗಸರು ನಿಂತು ನಕ್ಕರು. ಒಬ್ಬಾಕೆ ಕೇಳಿಯೇ ಬಿಟ್ಟಳು:

“ಯಾಕ ಬಾಲಮ್ಮಾ, ಅಳಿಯನ ಕಾರಿಗಿ ದಾರಿ ತೋರ್ಸಾಕತ್ತೀ ಏನು?”

ಅವತ್ತು ನನ್ನ ಮನಸ್ಸಿನಲ್ಲಿ ಒಂದು ಆಸೆ ಬೇರೂರಿತು. ಎಂದಾದರೂ ಒಂದು ದಿನ ಅತ್ತಿ ನನ್ನ ಕಾರಿನಲ್ಲಿ ಕುಳಿತೇ ಆ ಇಳುಕಲನ್ನು ಇಳಿಯಬೇಕು. ಅಷ್ಟೇ. ದೊಡ್ಡ ಆಸೆಯಲ್ಲ. ಆದರೆ ಕಲ್ಲು ಉಜ್ಜಿ ಬದುಕಿದವನಿಗೆ ತನ್ನ ಕೈಕೆಲಸದ ಮೇಲೆ ಯಾರಾದರೂ ಕಣ್ಣು ಮುಚ್ಚಿ ಕೂಡಬೇಕು ಎನಿಸುತ್ತದೆ. ನಾನು ಉಜ್ಜಿದ ಫರಸಿಯ ಮೇಲೆ ಜನ ಹಾಗೇ ನಡೆದಾಡುತ್ತಾರಲ್ಲ, ಕೆಳಗೆ ನೋಡದೆ. ಹಾಗೆ.

ಮುಂದೆ ಒಂದು ಸಲ ಅತ್ತಿಯ ಕಣ್ಣಿಗೆ ಪೊರೆ ಬಂದು, ಆಪರೇಶನ್ ಮಾಡಿಸಿ, ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಡ್ರಾಪ್ಸ್ ಹಾಕುವುದು ಮುಗಿದರೂ ಕರೀ ಕನ್ನಡಕವನ್ನು ಆಕೆ ತೆಗೆಯಲಿಲ್ಲ. ಅದರ ಮೇಲೆ ಪ್ರೀತಿ ಬಂದಿತ್ತು. ಅಷ್ಟರಲ್ಲಿ ಸೀತಾಫಲ ಕಣ್ಣು ಬಿಡುವ ಕಾಲ ಬಂತು. ನಮ್ಮ ಅಂಗಳದಲ್ಲಿ ಕುಳಿತು ಆಕೆ ಪೂರ್ವ ದಿಕ್ಕಿಗೆ ಮುಖ ಮಾಡುತ್ತಿದ್ದಳು, ಅಲ್ಲಿಂದ ಹಣ್ಣಿನ ವಾಸನೆ ಬರುತ್ತಿದೆಯೇನೋ ಎಂಬ ಹಾಗೆ. ಊರಿಗೆ ಹೋಗಬೇಕು ಎಂದು ಗೋಡೆಗೆ ಹೇಳತೊಡಗಿದಳು. ಡಾಕ್ಟರು ಧೂಳಿನಲ್ಲಿ ನಡೆಯಬಾರದು, ಎಡವಬಾರದು ಎಂದಿದ್ದರು. ಆಕೆಯೋ ಬಸ್ಸಿಗೆ ಹೋಗಿ ಮುತ್ತಲ ಗಿಡದ ಹತ್ತಿರ ಇಳಿದುಕೊಳ್ಳುತ್ತೇನೆ ಎನ್ನುವವಳು.

“ನಡಕೊಂತ ಹೋಗಿ ಕಲ್ಲಿಗಿ ಎಡವಿ ಬಿದ್ದರ ಮಾಡಿಸಿದ್ದ ಕಣ್ಣು ಮಣ್ಣಾಗತದಂತ ಹೇಳ ಗ್ವಾಡೀ,” ಎಂದೆ.

ಗೋಡೆಯ ಆ ಕಡೆಯಿಂದ, “ನನ್ನ ಕಣ್ಣು ನನಗ ಗೊತ್ತದ ಅನ್ನು,” ಎಂದು ಬಂತು.

ನಾನು ಸುಮ್ಮನೆ ಬ್ರೇಕ್ ಬಿಚ್ಚಲು ಕುಳಿತೆ. ಕಾರಿನಲ್ಲೇ ಕರೆದೊಯ್ಯುವುದೆಂದು ಮನಸ್ಸಿನಲ್ಲಿ ಮುಗಿದ ಮಾತಾಗಿತ್ತು. ಇತ್ತೀಚೆಗೆ ಪೆಡಲ್ ಒತ್ತಿದರೆ ಹಸಿ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಾಗುತ್ತಿತ್ತು. ಬಿಚ್ಚಿ ನೋಡಿದರೆ ಹಿಂದಿನ ಗಾಲಿಯ ಸಿಲಿಂಡರಿನ ರಬ್ಬರ್ ಹೋಗಿ ಆಯಿಲ್ ಸೋರಿ, ಗಾಲಿಯನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಎಲ್ಲ ತೊಯ್ದಿತ್ತು. ಆ ಹಳೆಯ ಕೆಂಪು ಧೂಳು ಆಯಿಲ್ಲಿನಲ್ಲಿ ಕಲಸಿ ಕುಂಕುಮದ ರಾಡಿಯಾಗಿತ್ತು. ಹೊಸ ರಬ್ಬರ್ ಹಾಕಿದೆ, ಹೊಸ ಶೂ ಕೂಡಿಸಿದೆ. ಉಳಿದದ್ದು ಗಾಳಿ ತೆಗೆಯುವ ಕೆಲಸ.

ಈ ಗಾಳಿಯ ವಿಷಯ ಸ್ವಲ್ಪ ಕೇಳಿರಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನಾವು ಪೆಡಲ್ ಒತ್ತಿದ್ದು ಸಣ್ಣ ಪೈಪಿನೊಳಗಿನ ಆಯಿಲ್ಲಿನ ಮೂಲಕ ಗಾಲಿಗೆ ಹೋಗಿ ಮುಟ್ಟಬೇಕು. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಆ ಗಾಳಿಯೇ ಮುದುಡಿ ಕೂಡುತ್ತದೆ, ಒತ್ತಿದ್ದು ಗಾಲಿಗೆ ಮುಟ್ಟುವುದಿಲ್ಲ. ಹಾಗಾಗಿ ಒಬ್ಬರು ಒಳಗೆ ಕುಳಿತು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ, ಹಾಗೇ ಹಿಡಿದಿರಬೇಕು. ಇನ್ನೊಬ್ಬರು ಗಾಲಿಯ ಹಿಂದಿರುವ ಸಣ್ಣ ಪೊಳ್ಳು ಬೋಲ್ಟನ್ನು ಸಡಿಲಿಸಬೇಕು. ಅದನ್ನು ನಿಪ್ಪಲ್ ಎನ್ನುತ್ತೇವೆ. ಅದರಿಂದ ಆಯಿಲ್ಲಿನ ಜೊತೆ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಒಳಗಿನವರು ಕಾಲು ತೆಗೆಯಬೇಕು. ಅದಕ್ಕೂ ಮೊದಲು ತೆಗೆದರೆ ಹೊರಗಿನ ಗಾಳಿಯನ್ನು ಅದು ಒಳಗೆ ಎಳೆದುಕೊಂಡು ಕೂಡುತ್ತದೆ, ಮಾಡಿದ್ದೆಲ್ಲ ಮಣ್ಣು. ನಾನು ಎಲ್ಲವನ್ನೂ ಒಬ್ಬನೇ ಮಾಡುತ್ತೇನೆ ಎನ್ನುವವನು. ಆದರೆ ಇದು ಒಬ್ಬನ ಕೆಲಸವಲ್ಲ.

ಬೇರೆ ದಿನವಾದರೆ ಅಂಜಮ್ಮನನ್ನು ಕೂರಿಸಿಕೊಳ್ಳುತ್ತಿದ್ದೆ. ಅವಳು ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಮಧ್ಯಾಹ್ನ ಇಳಿಯುವವರೆಗೆ ಬರುವುದಿಲ್ಲ. ನಾನು ಬೇಕೆಂದೇ ಗೋಡೆಯ ಕಡೆ ತಿರುಗಿ, “ಪೆಡಲ್ ಒತ್ತಾಕ ಒಂದು ಕಾಲು ಸಿಕ್ಕಿದ್ದರ ಕೆಲಸ ಮುಗೀತಿತ್ತು ನೋಡು,” ಎಂದೆ.

ಬಾಗಿಲಲ್ಲಿ ಬಳೆ ಸದ್ದಾಯಿತು. ಅತ್ತಿ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಕಾರಿನ ಬಾಗಿಲು ತೆಗೆದು, ಬಗ್ಗಿ, ಬ್ರೇಕ್ ಪೆಡಲನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಾಲಿಡುವ ಮೊದಲು ಅದರ ಕ್ಷಮೆ ಕೇಳಿದ ಹಾಗೆ. ಆಮೇಲೆ ಸೀಟಿನ ಮೇಲೆ ಕುಳಿತು, ಸೆರಗು ಮುಂದೆಳೆದು, ಸ್ಟೇರಿಂಗ್ ಹಿಡಿದಳು. ನಾನು ಗಾಲಿಯ ಹಿಂದೆ ಮಲಗಿ, ಡ್ರಮ್ಮಿಗೆ ಹೇಳುವವನ ಹಾಗೆ ಗಟ್ಟಿಯಾಗಿ ಹೇಳಿದೆ:

“ಗಟ್ಟಿ ಆಗೋತನಕ ಒತ್ತಬೇಕು. ಗಟ್ಟಿ ಆತಂದ್ರ ಒಂದು ಮಾತು ಹೇಳಬೇಕು. ಆಗ ಇಲ್ಲಿ ಬಿಚ್ಚತಾರ.”

ಪೆಡಲ್ ಉಸಿರಾಡತೊಡಗಿತು. ಪುಸ್, ಪುಸ್. ಮೇಲಿನಿಂದ, ಸೆರಗಿನೊಳಗಿನಿಂದ, ಒಂದು ಶಬ್ದ ಬಂತು.

“ಚಾಲು.”

ಓದುವವರೇ, ನನಗೇ ಹೇಳಿದ ಮೊದಲ ಮಾತು! ನಡುವೆ ಗೋಡೆಯಿಲ್ಲ, ಮಗಳಿಲ್ಲ. ಅದೂ ಎಂಥ ಮಾತು! ನಮ್ಮ ಕಡೆ ಚಾಲೂ ಎಂದರೆ ಶುರು. ಮೋಟರ್ ಚಾಲೂ ಮಾಡು, ಕೆಲಸ ಚಾಲೂ ಇಡು. ಶುಭ ಶಬ್ದ. ಖುಷಿಯಿಂದ ನಿಪ್ಪಲ್ ಬಿಚ್ಚಿದೆ. ನಿಪ್ಪಲ್ಲಿನಿಂದ ಸೀಸೆಗೆ ಬಿಟ್ಟ ಸಣ್ಣ ನಳಿಯೊಳಗೆ ಆಯಿಲ್ ಬರುವ ಬದಲು ಸುರ್ರೆಂದು ಹಿಂದೆ ಸರಿಯಿತು. ಗಾಳಿ ಒಳಗೆ ಹೋಯಿತು.

ಇರಲಿ, ಮೊದಲ ಸಲ ಎಂದುಕೊಂಡೆ. ಮತ್ತೆ ಪುಸ್ ಪುಸ್. ಮತ್ತೆ “ಚಾಲು”. ಮತ್ತೆ ಬಿಚ್ಚಿದೆ, ಮತ್ತೆ ಸುರ್ರ್. ಹೊಸ ರಬ್ಬರಿನ ಮೇಲೆ ಅನುಮಾನ ಬಂತು. ಬಿಚ್ಚಿ ನೋಡಿದೆ, ಸರಿಯಾಗಿತ್ತು. ಪೈಪಿನ ಮೇಲೆ ಅನುಮಾನ ಬಂತು. ಅಂಗಡಿಯವನು ಕೊಟ್ಟ ಆಯಿಲ್ಲಿನ ಮೇಲೆ ಬಂತು. ನನ್ನ ಮೇಲೆ ಮಾತ್ರ ಬರಲಿಲ್ಲ, ಅದು ನನ್ನ ಸ್ವಭಾವ. ಬಿಸಿಲು ಅಂಗಳದ ಫರಸಿಯ ಮೇಲೆ ತೆಳ್ಳಗೆ ನಡುಗುತ್ತಿತ್ತು. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದದ್ದು ಕಾರಿನ ಹೊಟ್ಟೆ, ಅದರಾಚೆ ಒಂದು ಚೂರು ಬಿಳಿ ಆಕಾಶ. ದೂರದಲ್ಲೆಲ್ಲೋ ಗೂಡ್ಸ್ ಗಾಡಿಯ ಸದ್ದು. ಪುಸ್ ಪುಸ್ ಎಂಬ ಆ ಉಸಿರು. ನಡುನಡುವೆ ಮೇಲಿನಿಂದ ಬೀಳುವ ‘ಚಾಲು’. ಆ ಮಧ್ಯಾಹ್ನವನ್ನು ನೆನೆದರೆ ನನಗೆ ಈಗಲೂ ಅದು ನಿಜವಾಗಿ ನಡೆದದ್ದೋ ಕನಸೋ ಎನಿಸುತ್ತದೆ. ಅಷ್ಟರಲ್ಲಿ ಓಣಿಯ ಶರಣಪ್ಪ ಹಾದುಹೋಗುತ್ತ ನಿಂತ.

“ಏನ್ರಿ ಮಾಮಾ, ಅತ್ತಿಯವರಿಗಿ ಗಾಡಿ ಕಲಿಸಾಕತ್ತೀರೇನು? ಕನ್ನಡಕ ಭಾಳ ಒಪ್ಪ್ಯಾದ ನೋಡ್ರಿ!”

“ನೀ ಮುಂದ ನಡಿಯೋ, ಬ್ರೇಕ್ ಇಲ್ಲದ ಗಾಡಿ ಅದ,” ಎಂದೆ. ಅವನು ನಗುತ್ತ ಹೋದ. ಅತ್ತಿ ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

ಸಿಟ್ಟು ಎರಡೂ ಕಡೆ ಏರುತ್ತಿತ್ತು. ಅತ್ತಿಯನ್ನು ಬೈಯುವಂತಿಲ್ಲವಲ್ಲ, ನಾನು ಡ್ರಮ್ಮಿಗೆ ಬೈದೆ: “ಚಾಲೂ ಅಂತ ಹೇಳೋದು, ಕಾಲು ತೆಗಿಯೋದು! ಹಿಂಗಾದ್ರ ಹ್ಯಾಂಗ?”

ಅಳಿಯನನ್ನು ಬೈಯುವಂತಿಲ್ಲವಲ್ಲ, ಅತ್ತಿ ಸ್ಟೇರಿಂಗಿಗೆ ಬೈದಳು: “ಎನ್ನಿಸಾರ್ಲು ಚೆಪ್ಪಾಲಿ ಈ ಮನಿಷಿಕಿ! ಚಾಲು ಅಂದ್ರೂ ಬಿಡವಲ್ಲ!” ಈ ಮನುಷ್ಯನಿಗೆ ಎಷ್ಟು ಸಲ ಹೇಳಬೇಕು ಎಂದು.

ಡಬ್ಬಿಯಲ್ಲಿ ಆಯಿಲ್ ತಳ ಕಂಡಿತು. ಸಿಟ್ಟಿನಲ್ಲಿ ಸೀಸೆ ಎತ್ತುವಾಗ ಒಂದು ಹನಿ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿತ್ತು. ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಬಿಡುತ್ತದೆ, ಕೂಡಲೇ ನೀರು ಹಾಕಬೇಕು. ನನಗೆ ಗೊತ್ತಿದ್ದೂ ಅವತ್ತು ಹಾಕಲಿಲ್ಲ. ಬೊಟ್ಟಿನಷ್ಟು ಬಣ್ಣ ಎದ್ದು ಹೋಯಿತು. ಇವತ್ತಿಗೂ ಅದು ಅಲ್ಲಿದೆ.

ಆ ಹೊತ್ತಿಗೆ ಅಂಜಮ್ಮ ಬಂದಳು. ಒಬ್ಬರು ಡ್ರಮ್ಮಿಗೆ, ಒಬ್ಬರು ಸ್ಟೇರಿಂಗಿಗೆ ಬೈಯುವುದನ್ನು ಬಾಗಿಲಲ್ಲಿ ನಿಂತು ಕೇಳಿದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಮೊದಲು ಬಾಯಿಗೆ ಸೆರಗಿಟ್ಟಳು. ಆಮೇಲೆ ಕಟ್ಟೆಯ ಮೇಲೆ ಕುಳಿತೇಬಿಟ್ಟಳು, ನಗು ತಡೆಯಲಾಗದೆ.

“ಅಯ್ಯ, ಅವ್ವಂದು ತೆಲುಗು ಚಾಲು ರೀ ಅದು! ಚಾಲು ಅಂದ್ರ ಸಾಕು ಅಂತ. ಗಟ್ಟಿ ಆತು, ಇನ್ನ ಸಾಕು ಅಂತ ಹೇಳಿ ಕಾಲು ತೆಗದಾಳ. ನೀವು ಶುರು ಮಾಡಂದ್ಲು ಅಂತ ಬಿಚ್ಚೀರಿ!”

ನಾನು ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದು ಹಾಗೇ ಕುಳಿತೆ. ಒಂದೇ ಶಬ್ದ. ಅಡವಿಯ ಆ ಕಡೆ ನಿಲ್ಲಿಸು ಎಂದಾಗುತ್ತದೆ, ಈ ಕಡೆ ನಡೆಸು ಎಂದಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಇದರ ನಡುವೆಯೇ ಇಷ್ಟು ವರ್ಷ ಸಂಸಾರ ಮಾಡಿದ್ದೆವು. ಅಂಜಮ್ಮನಿಗೆ ಎರಡೂ ಬರುತ್ತಿದ್ದುದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಅವಳು ತಾಯಿಗೆ ತೆಲುಗಿನಲ್ಲಿ ವಿವರಿಸಿದಳು. ಕರೀ ಕನ್ನಡಕದ ಹಿಂದೆ ಏನಾಯಿತೋ ಕಾಣಲಿಲ್ಲ, ಆದರೆ ಅತ್ತಿಯ ಭುಜಗಳು ಕುಲುಕಿದವು. ನಕ್ಕಳು. ನನ್ನ ಎದುರಿಗೆ ನಕ್ಕದ್ದೂ ಅದೇ ಮೊದಲು.

“ನಾ ಕೂಡ್ತೀನಿ ಏಳವ್ವಾ,” ಎಂದು ಅಂಜಮ್ಮ ಮುಂದೆ ಬಂದಳು. ಅತ್ತಿ ಏಳಲಿಲ್ಲ. ಹೊಸ ಡಬ್ಬಿ ತರಿಸಿದೆ. ಮತ್ತೆ ಪುಸ್ ಪುಸ್ ಶುರುವಾಯಿತು. ನಿಂತಿತು.

“ಹಿಡಿದೀನಿ,” ಎಂದಳು ಅತ್ತಿ. ಸ್ವಲ್ಪ ತಡೆದು, “ಬಿಚ್ರಿ,” ಎಂದಳು.

ಗೋಡೆಗೆ ಅಂದದ್ದಲ್ಲ ಅದು. ಬಿಚ್ಚಿದೆ. ನಳಿಯೊಳಗೆ ಗುಳ್ಳೆಗಳು ಒಂದರ ಹಿಂದೊಂದು, ಸಾಲಿ ಬಿಟ್ಟ ಮಕ್ಕಳ ಹಾಗೆ ಓಡಿ ಬಂದವು. ಗಾಲಿಯಿಂದ ಗಾಲಿಗೆ ಹೋದೆವು. ಕೊನೆಯ ಗಾಲಿಯ ಹತ್ತಿರ ಇರುವಾಗ ಒಳಗಿನಿಂದ ಪ್ರಶ್ನೆ ಬಂತು.

“ಗಾಳಿ ಇದ್ದರ ಏನಾಗತದ?”

“ಕಾಲು ಹೇಳಿದ್ದು ಗಾಲಿಗಿ ಮುಟ್ಟಂಗಿಲ್ರಿ.”

ಪೆಡಲ್ ಗಟ್ಟಿಯಾಗಿ ಹಿಡಿದೇ ಇದ್ದಳು. ಆಮೇಲೆ ಕೇಳಿದಳು.

“ಆ ಜೀಪಿನಾಗೂ ಗಾಳೀನೇ ಇತ್ತೇನು? ಅವರು ಬ್ರೇಕಿಗಿ ಕಾಲು ಕೊಟ್ಟಿದ್ದರೇನು?”

ಜೀಪು ನಡೆಸುತ್ತಿದ್ದವನು ಮಾವನೇ ಎಂದು ನನಗೆ ತಿಳಿದದ್ದು ಆಗ. ಇಷ್ಟು ದಿನ ಬೇರೆ ಯಾರೋ ಡ್ರೈವರ್ ಎಂದುಕೊಂಡಿದ್ದೆ. ಊರಿನವರು ಅವನನ್ನೇ ಅಂದಿರಬೇಕು, ನಿದ್ದೆ ಮಾಡಿದ, ಕಾಲು ಕೊಡಲಿಲ್ಲ ಎಂದು. ಅವನು ಕೊಟ್ಟಿದ್ದೆ ಎಂದಿರಬೇಕು. ಈ ಎರಡು ಮಾತುಗಳ ನಡುವೆ ಆಕೆ ಬದುಕಿನುದ್ದಕ್ಕೂ ಆ ಇಳುಕಲನ್ನು ನಡೆದೇ ಇಳಿದಿದ್ದಳು. ನಾನು ಆ ಜೀಪನ್ನು ನೋಡಿದವನಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

“ನಾ ನೋಡಿಲ್ರಿ ಅತ್ತಿ,” ಎಂದೆ. “ಆದರ ಗಾಳಿ ಇದ್ದರ, ಎಷ್ಟು ಜೋರು ಒತ್ತಿದ್ರೂ ನಿಂದ್ರತಿದ್ದಿಲ್ಲ. ಅದು ಮಾತ್ರ ಖರೆ.”

“ಹ್ಞೂಂ,” ಎಂದಳು. “ಬಿಗಿ ಮಾಡ್ರಿ. ಕಾಲು ಸೋತಾವು.”

ಎರಡು ದಿನ ಬಿಟ್ಟು ಹೊರಟೆವು. ಚಿಂಚೋಳಿ ದಾಟಿ ಚಂದ್ರಂಪಳ್ಳಿಯ ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ನೀರು ಅಲುಗಾಡದೆ ನಿಂತಿತ್ತು. ಅಡವಿಯ ಹಸಿರೆಲ್ಲ ಅದರಲ್ಲಿ ತಲೆಕೆಳಗಾಗಿ ನಿದ್ದೆ ಹೋದ ಹಾಗಿತ್ತು. ಅತ್ತಿ ನೀರಿನ ಕಡೆ ಮುಖ ಮಾಡಿ ರೊಟ್ಟಿ ಮುರಿದಳು. ಮುಂದಿನ ಇಳುಕಲಿನಲ್ಲಿ ಕೂಡುತ್ತೀರೋ ಇಲ್ಲವೋ ಎಂದು ಕೇಳುವುದು ಬೇಡ ಎಂದುಕೊಂಡಿದ್ದೆ. ಕೇಳಿದರೆ ಬೇಡುವ ಹಾಗಾಗುತ್ತದೆ. ನಾನು ಬೇಡುವವನಲ್ಲ. ಆದರೆ ಹೊರಡುವ ಮೊದಲು ನಾನು ನಿಂತ ಕಾರಿನ ಪೆಡಲನ್ನು ಎರಡು ಸಲ ಒತ್ತಿ ನೋಡಿದ್ದನ್ನು ಅಂಜಮ್ಮ ಕಂಡಳು.

ಅಡವಿ ಶುರುವಾಯಿತು. ರಸ್ತೆಯ ಮೇಲೆ ಎಲೆಗಳ ನೆರಳು, ಬಿಸಿಲಿನ ಚುಕ್ಕೆ. ದೂರದಿಂದಲೇ ಮುತ್ತಲ ಗಿಡ ಕಂಡಿತು. ನನ್ನ ಕಾಲು ರೂಢಿಯಂತೆ ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಧಾನವಾಯಿತು. ಹಿಂದಿನ ಸೀಟಿನಿಂದ, ಮೆಲ್ಲಗೆ, ಆದರೆ ಸ್ಪಷ್ಟವಾಗಿ ಬಂತು:

“ಚಾಲು.”

ಆಯಿತು, ಅದು ಆಕೆಯ ಭಾಷೆ, ಸಾಕು ಎಂದಿದ್ದಾಳೆ, ನಾನೀಗ ತಿಳಿದವನು, ತಪ್ಪು ಮಾಡುವುದಿಲ್ಲ. ಗಿಡದ ಕೆಳಗೆ ಕಾರು ನಿಲ್ಲಿಸಿದೆ. ಅಂಜಮ್ಮ ಇಳಿದು ತಾಯಿಯ ಬಾಗಿಲು ತೆಗೆಯಲು ಕೈ ಹಾಕಿದಳು. ಯಾರೂ ಇಳಿಯಲಿಲ್ಲ.

“ಯಾಕ ನಿಂದ್ರಿಸಿದ್ರಿ?” ಎಂದಳು ಅತ್ತಿ.

“ನೀನೇ ಚಾಲು ಅಂದೆಲ್ಲವ್ವಾ!” ಎಂದಳು ಅಂಜಮ್ಮ.

ಅತ್ತಿ ಕರೀ ಕನ್ನಡಕ ತೆಗೆದಳು. ಹೊಸ ಕಣ್ಣಿನಿಂದ, ಕನ್ನಡಿಯಲ್ಲಿ, ನೇರವಾಗಿ ನನ್ನನ್ನು ನೋಡಿದಳು.

“ನಾ ನಿಮ್ಮ ಚಾಲೂ ಅಂದೀನಿ. ನಡಸ್ರಿ.”

ಆ ಇಳುಕಲನ್ನು ನಾನು ಹೇಗೆ ಇಳಿಸಿದೆ ಎಂದು ಕೇಳಬೇಡಿ. ತುಂಬಿದ ಕೊಡ ಹೊತ್ತವಳ ಹಾಗೆ ಇಳಿಸಿದೆ. ಪ್ರತಿ ತಿರುವಿಗೂ ಪೆಡಲ್ ನನ್ನ ಕಾಲಿಗೆ ಗಟ್ಟಿಯಾಗಿ ಉತ್ತರ ಕೊಟ್ಟಿತು. ಕನ್ನಡಿಯಲ್ಲಿ ನೋಡಿದೆ. ಅತ್ತಿಯ ಕಣ್ಣು ಮುಚ್ಚಿದ್ದವು. ಆಕೆಯ ಬಲಗಾಲು ನನ್ನ ಸೀಟಿನ ಹಿಂದೆ ಮ್ಯಾಟನ್ನು ಒತ್ತುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನಾನು ಒತ್ತಿದಾಗಲೆಲ್ಲ ಆಕೆಯೂ ಒತ್ತುತ್ತಿದ್ದಳು. ತುಟಿ ಅಲುಗುತ್ತಿದ್ದವು. ಸೀತಾಫಲದ ವಾಸನೆ ಕಿಟಕಿಯಿಂದ ಬರುವ ಹೊತ್ತಿಗೆ ನನಗೆ ಅದು ಕೇಳಿಸಿತು. “ಹಿಡಿದೀನಿ... ಹಿಡಿದೀನಿ...”

ಅದು ನನಗೆ ಹೇಳಿದ್ದೋ, ಸೊಟ್ಟ ಕಾಲಿನ ಮಾವನಿಗೆ ಹೇಳಿದ್ದೋ, ನಾನು ಕೇಳಲಿಲ್ಲ.

ಅತ್ತಿ ಹೋದ ಮೇಲೆ ನಾನು ಗಾಳಿ ತೆಗೆಯುವ ಕೆಲಸವನ್ನೂ ಒಬ್ಬನೇ ಮಾಡುವುದು ಕಲಿತೆ. ಸೀಸೆಯ ತಳದಲ್ಲಿ ಆಯಿಲ್ ಹಾಕಿ ನಳಿ ಮುಳುಗಿಸಿಟ್ಟರೆ ಇನ್ನೊಬ್ಬರು ಬೇಕಾಗುವುದಿಲ್ಲ. ನಾನೇ ಬಿಚ್ಚುತ್ತೇನೆ, ನಾನೇ ಹೋಗಿ ಒತ್ತುತ್ತೇನೆ, ನಾನೇ ಬರುತ್ತೇನೆ. ಅದನ್ನೂ ಹೆಮ್ಮೆಯಿಂದಲೇ ಎಲ್ಲರಿಗೂ ಹೇಳಿದ್ದೇನೆ. ಇವತ್ತೂ ಸೀಸೆ ತಂದಿಟ್ಟುಕೊಂಡಿದ್ದೆ. ಆದರೆ ಮುಚ್ಚಳ ತೆಗೆದೆ, ವಾಸನೆ ಬಂತು, ಮಡ್‌ಗಾರ್ಡಿನ ಮೇಲಿನ ಬೊಟ್ಟಿನಷ್ಟು ಜಾಗಕ್ಕೆ ಕೈ ತಾಗಿತು. ಸೀಸೆಯನ್ನು ಅತ್ತ ಸರಿಸಿದೆ.

“ಅಂಜೂ, ಜರಾ ಬಾ ಇಲ್ಲಿ. ಪೆಡಲ್ ಒತ್ತು.”

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಯಾಕ, ನಿಮ್ಮ ಸೀಸೆ ಎಲ್ಲಿ ಹೋತು?”

“ಅದಕ್ಕ ಮಾತು ಬರಂಗಿಲ್ಲ.”

ಅವಳು ಕೈ ತೊಳೆದು ಬಂದು, ಬಗ್ಗಿ, ಪೆಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕುಳಿತಳು. ನಾನು ಗಾಲಿಯ ಹಿಂದೆ ಮಲಗಿದೆ. ಪುಸ್, ಪುಸ್. ಕಾರಿನ ಹೊಟ್ಟೆ, ಒಂದು ಚೂರು ಬಿಳಿ ಆಕಾಶ.

“ಚಾಲು,” ಎಂದೆ.

“ಯಾವುದ್ರಿ?” ಮೇಲಿನಿಂದ ನಗು ಬಂತು. “ನಿಮ್ದೋ, ನಮ್ಮವ್ವಂದೋ?”

“ನಿಮ್ಮವ್ವಂದು.”



“ಆಕಿ ಎರಡೂ ಅಂತಿದ್ಲು,” ಎಂದಳು. ಕಾಲು ತೆಗೆಯಲಿಲ್ಲ. “ಹಿಡಿದೀನಿ. ಬಿಚ್ರಿ.”

ಬಿಚ್ಚಿದೆ.